ಉಬ್ಬು ಕೆಲಸಕ್ಕೆ ನಲವತ್ತು ಉಳಿ ಬೇಕಾ?

ಪ್ರಶ್ನೆ: ನಾನು ಬ್ಯಾಂಕ್ ಕೆಲಸದಿಂದ ನಿವೃತ್ತನಾದವನು, ಊರು ಶಿವಮೊಗ್ಗ. ದೇವಸ್ಥಾನಗಳ ಬೆಳ್ಳಿ ಬಾಗಿಲು, ಪ್ರಭಾವಳಿ ನೋಡಿ ನೋಡಿ ನನಗೂ ಆ ಕೆಲಸ ಕಲಿಯುವ ಆಸೆ ಹುಟ್ಟಿತು. ಗಂಡಭೇರುಂಡದ ಒಂದು ಫಲಕ ಮಾಡೋಣ ಅಂತ ತಾಮ್ರದ ತಗಡು ತಂದೆ. ಆನ್‌ಲೈನಲ್ಲಿ 40 ಉಳಿಗಳ ಸೆಟ್ಟೂ ತರಿಸಿದೆ. ಮರದ ಹಲಗೆ ಮೇಲಿಟ್ಟು ಹೊಡೆದರೆ ಗೆರೆ ಚುಕ್ಕೆ ಚುಕ್ಕೆಯಾಗಿ ಬರುತ್ತದೆ. ತಗಡು ಸೊಟ್ಟಗಾಗುತ್ತದೆ. ಹಕ್ಕಿಯ ಎದೆ ಉಬ್ಬಿಸಲು ಹೋದಾಗ ಎರಡು ಕಡೆ ಹರಿದೇ ಹೋಯಿತು. ಉಳಿ ಸರಿ ಇಲ್ಲವೇ? ಬೇರೆ ಯಾವ ಸೆಟ್ ತೆಗೆದುಕೊಳ್ಳಲಿ?

ಉತ್ತರ: ದಯವಿಟ್ಟು ಇನ್ನೊಂದು ಸೆಟ್ ತೆಗೆದುಕೊಳ್ಳಬೇಡಿ. ಇರುವ 40ರಲ್ಲಿ ಆರು ಉಳಿ ಎತ್ತಿಟ್ಟುಕೊಳ್ಳಿ. ಮಿಕ್ಕಿದ್ದು ಡಬ್ಬಿಯಲ್ಲೇ ಇರಲಿ, ಮುಂದೆ ನೋಡೋಣ.

ನಿಮ್ಮ ಮೂರು ತೊಂದರೆಗೂ ಕಾರಣ ಬೇರೆ ಬೇರೆ. ಗೆರೆ ಚುಕ್ಕೆಯಾಗುವುದು ಉಳಿಯ ಬಾಯಿಯಿಂದ ಮತ್ತು ನೀವು ಅದನ್ನು ಹಿಡಿಯುವ ರೀತಿಯಿಂದ. ತಗಡು ಸೊಟ್ಟಗಾಗುವುದು ಆ ಮರದ ಹಲಗೆಯಿಂದ. ಹರಿದದ್ದು, ತಗಡನ್ನು ಕಾಯಿಸಿ ಮೆತ್ತಗೆ ಮಾಡದೆ ಹೊಡೆದದ್ದರಿಂದ. ಉಳಿ ಕೊನೆಯ ಮಾತು. ಮೊದಲು ತಗಡು ಮತ್ತು ಅದರ ಕೆಳಗಿನ ಹಾಸು ಸರಿಯಾಗಬೇಕು.

ಈ ಕೆಲಸದಲ್ಲಿ ಲೋಹವನ್ನು ಕೆತ್ತಿ ತೆಗೆಯುವುದಿಲ್ಲ, ಸರಿಸುತ್ತೇವೆ ಅಷ್ಟೇ. ಬೀದರಿನ ಬಿದರಿ ಕೆಲಸದಲ್ಲಿ ಎರಕ ಹೊಯ್ದ ಸತುವಿನ ಮಿಶ್ರಲೋಹವನ್ನು ಚೂಪು ಉಳಿಯಿಂದ ಕೊರೆದು, ಆ ಕೊರಕಲಿಗೆ ಬೆಳ್ಳಿ ತಂತಿ, ಬೆಳ್ಳಿ ತಗಡು ಕೂರಿಸುತ್ತಾರೆ. ಅಲ್ಲಿ ಉಳಿ ಹರಿತವಾಗಿರಲೇಬೇಕು. ನಿಮ್ಮ ಕೆಲಸದಲ್ಲಿ ಹರಿತ ಇದ್ದರೆ ಕೆಟ್ಟಿತು. ತಗಡಿನ ಹಿಂದಿನಿಂದ ಒತ್ತಿ ಉಬ್ಬಿಸುತ್ತೇವೆ, ಮುಂದಿನಿಂದ ಒತ್ತಿ ಗೆರೆ, ತಗ್ಗು, ವಿವರ ಕೊಡುತ್ತೇವೆ. ಹೀಗೆ ತಿರುಗಿಸಿ ತಿರುಗಿಸಿ ಮಾಡುವುದೇ ಉಬ್ಬು ಕೆಲಸ. ದೇವರ ಕವಚ, ಪ್ರಭಾವಳಿ, ಪಲ್ಲಕ್ಕಿಯ ಹೊದಿಕೆ, ಗರ್ಭಗುಡಿಯ ಬಾಗಿಲು, ಎಲ್ಲಕ್ಕೂ ಮೂಲ ಇದೇ. ಹೋಳಿಗೆ ಲಟ್ಟಿಸುವಾಗ ಹೂರಣ ಉಬ್ಬಿದ ಕಡೆ ಕಣಕ ತೆಳುವಾಗುತ್ತದಲ್ಲ, ತಗಡಿಗೂ ಹಾಗೇ ಆಗುತ್ತದೆ. ಎಲ್ಲಿ ಜಾಸ್ತಿ ಉಬ್ಬಿಸುತ್ತೀರೋ ಅಲ್ಲಿ ಅದು ತೆಳುವಾಗುತ್ತಾ ಹೋಗುತ್ತದೆ.

ಈಗ ಹಾಸಿನ ವಿಷಯ. ಮರದ ಹಲಗೆ ಬಗ್ಗುವುದಿಲ್ಲ, ತಗಡನ್ನು ಹಿಡಿದುಕೊಳ್ಳುವುದೂ ಇಲ್ಲ. ಒಂದು ಕಡೆ ಹೊಡೆದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಇಲ್ಲಿ ಬೇಕಾದ್ದು ಅರಗಿನ ಹಾಸು. ಹೊಡೆತ ಬಿದ್ದ ಜಾಗದಲ್ಲಿ ಮಾತ್ರ ಇಳಿದುಕೊಟ್ಟು, ಅಕ್ಕಪಕ್ಕದಲ್ಲಿ ತಗಡನ್ನು ಅಂಟಿಸಿ ಹಿಡಿಯುವುದು ಅದರ ಗುಣ. ಮಾಡುವುದು ಕಷ್ಟವಲ್ಲ. ರಾಳ, ನುಣ್ಣಗೆ ಜರಡಿ ಹಿಡಿದ ಇಟ್ಟಿಗೆ ಪುಡಿ, ಸ್ವಲ್ಪ ಎಣ್ಣೆ. ರಾಳ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಸಣ್ಣ ಉರಿಯಲ್ಲಿ ರಾಳ ಕರಗಿಸಿ, ತೂಕದಲ್ಲಿ ಸುಮಾರು ಅಷ್ಟೇ ಇಟ್ಟಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಕಲಸಿ. ಕೊನೆಗೆ ಕಡಲೆಕಾಯಿ ಎಣ್ಣೆಯೋ ಸಾಸಿವೆ ಎಣ್ಣೆಯೋ ಒಂದೆರಡು ಚಮಚ. ಪುಡಿ ಗಟ್ಟಿತನಕ್ಕೆ, ಎಣ್ಣೆ ಮೆದುತನಕ್ಕೆ. ಒಂದು ಹನಿ ಕಲ್ಲಿನ ಮೇಲೆ ಬಿಟ್ಟು ಆರಿಸಿ, ಉಗುರು ಒತ್ತಿ ನೋಡಿ. ಗುರುತು ಬಿದ್ದೂ ಬೀಳದಂತೆ ಇರಬೇಕು. ಚೂರು ಚೂರಾಗಿ ಒಡೆದರೆ ಇನ್ನಷ್ಟು ಎಣ್ಣೆ, ಉಗುರು ಇಳಿದೇ ಹೋದರೆ ಇನ್ನಷ್ಟು ಪುಡಿ.

ಈ ಅಳತೆ ವರ್ಷವಿಡೀ ಒಂದೇ ಇರುವುದಿಲ್ಲ. ಏಪ್ರಿಲ್‌ನಲ್ಲಿ ಸರಿ ಇದ್ದ ಅರಗು ಡಿಸೆಂಬರ್‌ನ ಬೆಳಗ್ಗೆ ಕಲ್ಲಾಗಿರುತ್ತದೆ. ಚಳಿಗಾಲಕ್ಕೆ ಎಣ್ಣೆ ತುಸು ಜಾಸ್ತಿ. ಕೆಲಸ ಶುರು ಮಾಡುವ ಮೊದಲು ಮೇಲ್ಮೈಗೆ ಸ್ವಲ್ಪ ಶಾಖ ತೋರಿಸಿದರೂ ಆಗುತ್ತದೆ. ಇನ್ನೊಂದು ಎಚ್ಚರಿಕೆ: ಇಟ್ಟಿಗೆ ಪುಡಿ ಪೂರ್ತಿ ಒಣಗಿರಲಿ. ತೇವ ಇದ್ದರೆ ಬಿಸಿ ರಾಳ ಸಿಡಿಯುತ್ತದೆ. ಚರ್ಮಕ್ಕೆ ಅಂಟಿದ ಬಿಸಿ ಅರಗು ಸುಲಭಕ್ಕೆ ಬಿಡುವುದಿಲ್ಲ, ಎಣ್ಣೆ ಸಿಡಿದಾಗಿನ ಸುಟ್ಟಗಾಯಕ್ಕಿಂತ ಕೆಟ್ಟದ್ದು. ಒಲೆ ಹೊರಗೆ ಇಡಿ, ತೋಳು ಮುಚ್ಚುವ ಹತ್ತಿ ಬಟ್ಟೆ ಹಾಕಿಕೊಳ್ಳಿ.

ನಿಮ್ಮ ಆ ಮರದ ಹಲಗೆಯನ್ನು ಬಿಸಾಡಬೇಡಿ. ನಾಲ್ಕೂ ಕಡೆ ಪಟ್ಟಿ ಹೊಡೆದು ಒಂದೂವರೆ ಇಂಚು ಆಳದ ತಟ್ಟೆ ಮಾಡಿ, ಅದಕ್ಕೇ ಅರಗು ಸುರಿಯಿರಿ. ಫಲಕಕ್ಕೆ ಅದು ಚೆನ್ನಾಗಿರುತ್ತದೆ. ಸಣ್ಣ ಕೆಲಸ ಮಾಡುವವರು ಅರ್ಧ ತೆಂಗಿನಕಾಯಿ ಆಕಾರದ ದಪ್ಪ ಕಬ್ಬಿಣದ ಬಟ್ಟಲಿಗೆ ಅರಗು ತುಂಬಿ, ಅದನ್ನು ಸಿಂಬೆಯ ಮೇಲೆ ಕೂರಿಸುತ್ತಾರೆ. ಯಾವ ಕಡೆ ಬೇಕೋ ಆ ಕಡೆ ವಾಲಿಸಬಹುದು. ತಗಡನ್ನು ಕೂರಿಸುವಾಗ ಅರಗಿನ ಮೇಲ್ಮೈ ಕರಗಿರಬೇಕು, ತಗಡೂ ಬೆಚ್ಚಗಿರಬೇಕು. ಒಂದು ಅಂಚಿನಿಂದ ಶುರು ಮಾಡಿ ಮಲಗಿಸುತ್ತಾ ಬನ್ನಿ, ಆಗ ಗಾಳಿ ಹೊರಗೆ ಹೋಗುತ್ತದೆ. ಕೆಳಗೆ ಗಾಳಿ ಸಿಕ್ಕಿಕೊಂಡರೆ ಆ ಜಾಗದಲ್ಲಿ ಹೊಡೆತಕ್ಕೆ ಆಸರೆಯೇ ಇರುವುದಿಲ್ಲ, ಉಳಿ ನೇರ ಒಳಗೆ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಎಬ್ಬಿಸಿ ಮತ್ತೆ ಕೂರಿಸಿ. ಅಂಚುಗಳನ್ನು ಮೊದಲೇ ಸ್ವಲ್ಪ ಕೆಳಕ್ಕೆ ಮಡಚಿದ್ದರೆ ತಗಡು ಇನ್ನೂ ಭದ್ರ.

ಸೀಸದ ಗಟ್ಟಿಯ ಮೇಲಿಟ್ಟು ಹೊಡೆಯಿರಿ ಎಂದು ಯಾರಾದರೂ ಹೇಳಿದರೆ, ಬೆಳ್ಳಿಗೆ ಮಾತ್ರ ಆ ದಾರಿ ಹಿಡಿಯಬೇಡಿ. ಅಂಟಿದ ಚೂರು ಸೀಸ ಉಳಿದು, ಆಮೇಲೆ ಬೆಂಕಿಗೆ ಹಿಡಿದಾಗ ಬೆಳ್ಳಿಯನ್ನು ತಿಂದು ತೂತು ಮಾಡುತ್ತದೆ.

ತಗಡು ಎಷ್ಟು ದಪ್ಪ ಎಂದು ನೀವು ಬರೆದಿಲ್ಲ. ಕಲಿಯುವವರಿಗೆ 24 ಗೇಜ್, ಅಂದರೆ ಸುಮಾರು 0.56 ಮಿ.ಮೀ. ತಾಮ್ರ ಸರಿ. ಆರು ಇಂಚು ಚೌಕದ ತುಂಡು ಸುಮಾರು 117 ಗ್ರಾಂ ತೂಗುತ್ತದೆ. ಅಂಗಡಿಯವರ ಗೇಜ್ ಮಾತು ನಂಬಿಕೆ ಬರದಿದ್ದರೆ ತೂಗಿ ನೋಡಿದರೆ ಗೊತ್ತಾಗುತ್ತದೆ. ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳು. 28 ಗೇಜ್ ಬೇಗ ಹರಿಯುತ್ತದೆ. 18 ಗೇಜಿಗೆ ನಿಮ್ಮ ಮೊಣಕೈ ಒಪ್ಪುವುದಿಲ್ಲ. ಹಕ್ಕಿಯ ಎದೆ ಜಾಸ್ತಿ ಉಬ್ಬಬೇಕು ಎಂದಿದ್ದರೆ 22 ಗೇಜ್ ತೆಗೆದುಕೊಳ್ಳಿ. ಸತು ಬಳಿದ ಕಬ್ಬಿಣದ ತಗಡನ್ನು ಅಭ್ಯಾಸಕ್ಕೆಂದೂ ಬಳಸಬೇಡಿ. ಕಾಯಿಸಿದರೆ ಬರುವ ಹೊಗೆ ವಿಷ.

ಹರಿದ ಎದೆಗೆ ಬರೋಣ. ತಾಮ್ರ, ಬೆಳ್ಳಿ, ಹಿತ್ತಾಳೆ ಯಾವುದೇ ಇರಲಿ, ಹೊಡೆದಷ್ಟೂ ಗಡುಸಾಗುತ್ತದೆ. ಕೈಗೂ ಕಿವಿಗೂ ಅದು ಗೊತ್ತಾಗುತ್ತದೆ. ಹೊಸದರಲ್ಲಿ ಹೊಡೆತದ ಸದ್ದು ಮಂದ. ಬರಬರುತ್ತಾ ಕಣ್ ಕಣ್ ಅನ್ನುತ್ತದೆ, ಸುತ್ತಿಗೆ ಪುಟಿಯಲು ಶುರುವಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಅರಗಿನಿಂದ ಬಿಡಿಸಿ, ಕಾಯಿಸಿ. ಮಬ್ಬು ಬೆಳಕಿನಲ್ಲಿ ತಗಡು ಮಸುಕು ಕೆಂಪು ತೋರಿದರೆ ಸಾಕು. ಬಿಸಿಲಿನಲ್ಲಿ ಕಾಯಿಸಿದರೆ ಆ ಬಣ್ಣ ಕಾಣದೆ ಅತಿಯಾಗುತ್ತದೆ. ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಹಾಗಾಗಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಬೆಳ್ಳಿ 962ಕ್ಕೇ ಕರಗುತ್ತದೆ, ತೆಳು ಬೆಳ್ಳಿ ಇದ್ದರಂತೂ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸಬೇಡಿ.

ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ. ತಾಮ್ರಕ್ಕೆ ಆ ಭಯ ಇಲ್ಲ, ನೀರಿಗೆ ಅದ್ದಿದರೂ ಮೆತ್ತಗೇ ಇರುತ್ತದೆ. ಹಿತ್ತಾಳೆಯನ್ನು ಮಾತ್ರ ಕೆಂಪು ಆರಿದ ಮೇಲೆ ಅದ್ದಿ, ಇಲ್ಲದಿದ್ದರೆ ಬಿರುಕು ಬಿಡಬಹುದು. ಮೇಲಿನ ಕಪ್ಪು ಪೊರೆ ತೆಗೆಯಲು ಹುಣಸೆ ಹುಳಿ, ಉಪ್ಪು ಸಾಕು. ಮನೆಯಲ್ಲಿ ತಾಮ್ರದ ಚೊಂಬು ಉಜ್ಜಲು ಬಳಸುವುದೇ ಇದಕ್ಕೂ ಆಗುತ್ತದೆ. ಆಮ್ಲ ತರುವ ಅಗತ್ಯ ಇಲ್ಲ.

ಎಷ್ಟು ಸಲ ಕಾಯಿಸಬೇಕು ಅಂತ ಲೆಕ್ಕ ಇಲ್ಲ. ನಿಮ್ಮ ಗಂಡಭೇರುಂಡದ ಎದೆ ಅರ್ಧ ಇಂಚು ಏಳಬೇಕಾದರೆ, ಪ್ರತಿ ಸುತ್ತಿನ ಉಬ್ಬಿಸುವಿಕೆ ಆದ ಮೇಲೂ ಒಮ್ಮೆ ಕಾಯಿಸಬೇಕು ಎಂದಿಟ್ಟುಕೊಳ್ಳಿ. ಇದು ಬೇಜಾರಿನ ಕೆಲಸ, ನಿಜ. ಕಾಯಿಸು, ತೊಳೆ, ಮತ್ತೆ ಅರಗಿಗೆ ಕೂರಿಸು. ಇಡೀ ಕೆಲಸದಲ್ಲಿ ಉಳಿ ಹಿಡಿದ ಹೊತ್ತಿಗಿಂತ ಈ ಓಡಾಟವೇ ಜಾಸ್ತಿ ಅನ್ನಿಸುತ್ತದೆ. ಇದನ್ನು ಉಳಿಸಲು ಹೋದವರ ತಗಡೇ ಹರಿಯುವುದು.

ಇನ್ನು ಉಳಿ. ಎತ್ತಿಟ್ಟುಕೊಳ್ಳಬೇಕಾದ ಆರು ಇವು. ಗೆರೆ ಎಳೆಯಲು ಎರಡು: ಒಂದರ ಬಾಯಿ ನೇರ, ಇನ್ನೊಂದರದ್ದು ತುಸು ಬಾಗಿದ್ದು, ತಿರುವುಗಳಿಗೆ. ಉಬ್ಬಿಸಲು ಎರಡು: ಬಾಯಿ ದುಂಡಗೆ, ಒಂದು ಕಿರುಬೆರಳ ತುದಿಯಷ್ಟು, ಇನ್ನೊಂದು ಬಟಾಣಿಯಷ್ಟು. ಮಟ್ಟಸ ಮಾಡಲು ಒಂದು: ಚಪ್ಪಟೆ ಬಾಯಿ, ಆದರೆ ಮೂಲೆ ನಾಲ್ಕೂ ಉರುಟಾಗಿರಬೇಕು. ಹಿನ್ನೆಲೆಗೆ ಚುಕ್ಕಿ ತುಂಬಲು ಒಂದು. ಇಷ್ಟರಲ್ಲೇ ಇಡೀ ಫಲಕ ಮುಗಿಯುತ್ತದೆ. ಕಸುಬಿನವರ ಹತ್ತಿರ ನೂರಾರು ಉಳಿ ಇರುತ್ತವಲ್ಲ ಎನ್ನಬಹುದು. ಇರುತ್ತವೆ. ಅವರು ಕೆಲಸ ಮಾಡುತ್ತಾ ಬೇಕಾದಾಗ ಬೇಕಾದ್ದನ್ನು ಮಾಡಿಕೊಂಡವು ಅವು. ಒಂದು ವಿಗ್ರಹದ ಕಣ್ಣ ರೆಪ್ಪೆಗೆಂದು ಮಾಡಿದ್ದು, ಒಂದು ಬಳ್ಳಿಯ ಸುರುಳಿಗೆಂದು ಮಾಡಿದ್ದು, ಹೀಗೆ.

ಕಡಿಮೆ ಬೆಲೆಯ ಸೆಟ್ಟಿನ ಉಳಿಗಳಲ್ಲಿ ಮಾಮೂಲಿ ದೋಷ ಏನೆಂದರೆ ಬಾಯಿಯನ್ನು ಯಂತ್ರದಲ್ಲಿ ಉಜ್ಜಿ ಹಾಗೇ ಬಿಟ್ಟಿರುತ್ತಾರೆ. ಭೂತಗನ್ನಡಿಯಲ್ಲಿ ನೋಡಿ. ಗೀರುಗಳು, ಚೂಪು ಅಂಚು ಕಾಣುತ್ತವೆ. ಬಾಯಿಯ ಮೇಲಿನ ಒಂದೊಂದು ಗೀರೂ ಪ್ರತಿ ಹೊಡೆತಕ್ಕೆ ತಗಡಿನ ಮೇಲೆ ಅಚ್ಚಾಗುತ್ತದೆ. ಚೂಪು ಅಂಚು ತಗಡನ್ನು ಕಚ್ಚಿ ನಿಲ್ಲುತ್ತದೆ, ಮುಂದೆ ಜಾರುವುದಿಲ್ಲ. ನಿಮ್ಮ ಗೆರೆ ಚುಕ್ಕೆಯಾಗಿದ್ದು ಬಹುಶಃ ಇದರಿಂದಲೇ. ನೀರು ಹಾಕಿ ಉಜ್ಜುವ ಕಪ್ಪು ಉಪ್ಪುಕಾಗದದ 400, 800, 1200 ನಂಬರ್ ಹಾಳೆ ತನ್ನಿ. ಗಾಜಿನ ಮೇಲೆ ಹಾಸಿ, ಉಳಿಯ ಬಾಯಿಯನ್ನು ತೂಗಿಸುತ್ತಾ ಉಜ್ಜಿ. ಗೆರೆ ಉಳಿಯ ಬಾಯಿ ಹಳೆಯ ನಾಣ್ಯದ ಸವೆದ ಅಂಚಿನಷ್ಟು ದುಂಡಗಿರಲಿ. ಎರಡು ತುದಿಗಳನ್ನೂ ಮೇಲಕ್ಕೆ ಉರುಟು ಮಾಡಿ. ಕೊನೆಗೆ ಚರ್ಮದ ತುಂಡಿಗೆ ಪಾಲಿಶ್ ಹಚ್ಚಿ ತಿಕ್ಕಿ. ನಿಮ್ಮ ಕಿಟಕಿ ಅದರಲ್ಲಿ ಕಾಣಬೇಕು. ಚುಕ್ಕಿ ಉಳಿಗೆ ಮಾತ್ರ ಈ ಹೊಳಪು ಬೇಡ, ಅದರ ಒರಟೇ ಅದರ ಕೆಲಸ.

ಸುತ್ತಿಗೆ ಯಾವುದು ಅಂತ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಮೊಳೆ ಹೊಡೆಯುವ ಸುತ್ತಿಗೆ ಇದಕ್ಕೆ ಆಗದು. ಮುಖ ಅಗಲ, ತೂಕ ಕಮ್ಮಿ, 100ರಿಂದ 150 ಗ್ರಾಂ. ಹಿಡಿ ತೆಳ್ಳಗೆ, ತುಸು ಬಳುಕಬೇಕು. ಹಿಡಿಯ ತುದಿ ಅಂಗೈಯಲ್ಲಿ ಕೂರುವಷ್ಟು ದಪ್ಪ ಇರಲಿ. ಮುಖ ಅಗಲ ಯಾಕೆಂದರೆ ನಿಮ್ಮ ಕಣ್ಣು ಉಳಿಯ ಬಾಯಿಯ ಮೇಲಿರುತ್ತದೆ, ತಲೆಯ ಮೇಲಲ್ಲ. ನೋಡದೇ ಹೊಡೆದರೂ ತಪ್ಪಬಾರದು.

ಒಂದು ಗೆರೆ ಎಳೆಯುವುದನ್ನು ಬಿಡಿಸಿ ಹೇಳುತ್ತೇನೆ. ಇದೊಂದು ಬಂದರೆ ಉಳಿದದ್ದು ತಾನಾಗಿ ಬರುತ್ತದೆ. ಉಳಿಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಹಿಡಿಯಿರಿ. ಉಂಗುರ ಬೆರಳು ತಗಡಿಗೆ ಒತ್ತಿಕೊಂಡಿರಲಿ, ಅದೇ ನಿಮ್ಮ ಆಸರೆ. ಗೆರೆ ನಿಮ್ಮ ಕಡೆಗೆ ಬರಬೇಕು. ಉಳಿಯ ತಲೆಯನ್ನು ಸ್ವಲ್ಪವೇ ಸ್ವಲ್ಪ ಆಚೆಗೆ ವಾಲಿಸಿ. ಆಗ ಬಾಯಿಯ ಈಚೆ ತುದಿ ಕೂದಲೆಳೆಯಷ್ಟು ಮೇಲೆದ್ದು, ಆಚೆ ತುದಿ ಆಗಲೇ ಬಿದ್ದ ಗೆರೆಯೊಳಗೆ ಕೂರುತ್ತದೆ. ಸುತ್ತಿಗೆಯಿಂದ ಟಕ ಟಕ ಟಕ ಎಂದು ಸಣ್ಣದಾಗಿ, ಒಂದೇ ಲಯದಲ್ಲಿ ಹೊಡೆಯುತ್ತಾ ಹೋಗಿ. ಉಳಿಯನ್ನು ಎತ್ತಬೇಡಿ, ಎಳೆಯಬೇಡಿ. ಹೊಡೆತವೇ ಅದನ್ನು ಮುಂದಕ್ಕೆ ತಳ್ಳುತ್ತದೆ, ಪ್ರತಿ ಹೊಡೆತಕ್ಕೆ ಅರ್ಧ ಮಿಲಿಮೀಟರ್‌ನಷ್ಟು. ಒಂದರ ಮೇಲೊಂದು ಬೀಳುವುದರಿಂದ ಗೆರೆ ಅಖಂಡವಾಗಿ ಕಾಣುತ್ತದೆ. ನೀವು ಪ್ರತಿ ಹೊಡೆತಕ್ಕೂ ಉಳಿ ಎತ್ತಿ ಇಡುತ್ತಿದ್ದೀರಿ ಅನ್ನಿಸುತ್ತದೆ. ಜಾಸ್ತಿ ವಾಲಿಸಿದರೆ ಉಳಿ ಜಾರಿ ಓಡುತ್ತದೆ. ನೆಟ್ಟಗೆ ಹಿಡಿದರೆ ಅಲ್ಲೇ ನಿಂತು ಗುಂಡಿ ತೋಡುತ್ತದೆ. ಇವೆರಡರ ನಡುವಿನ ಕೋನ ನಿಮ್ಮ ಕೈಗೇ ಸಿಗಬೇಕು. ಮೊದಲು ಒಂದು ತುಂಡು ತಗಡಿನ ಮೇಲೆ ನೇರ ಗೆರೆ, ಆಮೇಲೆ ಅಲೆ ಗೆರೆ, ಆಮೇಲೆ ಸುರುಳಿ. ಸುರುಳಿಯಲ್ಲಿ ಉಳಿಯ ಜೊತೆಗೆ ಬಟ್ಟಲನ್ನೂ ತಿರುಗಿಸಬೇಕಾಗುತ್ತದೆ. ಸಿಂಬೆಯ ಬೆಲೆ ಆಗ ಗೊತ್ತಾಗುತ್ತದೆ.

ಗಂಡಭೇರುಂಡದ ಕ್ರಮ ಹೀಗಿರಲಿ. ಮುಂಭಾಗದಲ್ಲಿ ಹೊರಗೆರೆ ಪೂರ್ತಿ ಎಳೆಯಿರಿ: ಎರಡು ತಲೆ, ಕತ್ತು, ರೆಕ್ಕೆ, ಬಾಲ. ಗರಿಗಳ ಒಳಗೆರೆ ಈಗ ಬೇಡ. ಬಿಡಿಸಿ, ಕಾಯಿಸಿ, ಮಗುಚಿ ಕೂರಿಸಿ. ಹಿಂದಿನಿಂದ ನೋಡಿದರೆ ನಿಮ್ಮ ಗೆರೆ ದಿಬ್ಬವಾಗಿ ಕಾಣುತ್ತದೆ, ಅದೇ ಬೇಲಿ. ಬೇಲಿಯೊಳಗೆ ದುಂಡು ಉಳಿಯಿಂದ ಎದೆ ಉಬ್ಬಿಸಿ. ನಡುವಿನಲ್ಲಿ ಒಂದೇ ಸಮನೆ ಗುದ್ದಬೇಡಿ. ಅಂಚಿನ ಹತ್ತಿರದಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬನ್ನಿ. ಆಗ ತಗಡು ಎಲ್ಲ ಕಡೆಯಿಂದಲೂ ಹಿಗ್ಗುತ್ತದೆ, ಒಂದೇ ಜಾಗ ತೆಳುವಾಗುವುದಿಲ್ಲ. ದೊಡ್ಡ ಉಬ್ಬಿಗೆ ಉಕ್ಕಿನ ಉಳಿಗಿಂತ ಹುಣಸೆ ಮರದ ತುಂಡನ್ನು ದುಂಡಗೆ ಕೆತ್ತಿ ಬಳಸುವುದು ವಾಸಿ, ಗುರುತು ಬೀಳುವುದಿಲ್ಲ. ಮತ್ತೆ ಕಾಯಿಸಿ ಮುಂಭಾಗ ಮೇಲೆ ಮಾಡಿ. ಕೂರಿಸುವ ಮೊದಲು ಉಬ್ಬಿನ ಹಿಂದಿನ ಹಳ್ಳಕ್ಕೆ ಕರಗಿದ ಅರಗು ತುಂಬಿರಬೇಕು, ಮರೆಯಬೇಡಿ. ಇಲ್ಲವಾದರೆ ನೀವು ಎಬ್ಬಿಸಿದ್ದೆಲ್ಲ ಎರಡು ಹೊಡೆತಕ್ಕೆ ಕುಸಿಯುತ್ತದೆ. ಈಗ ಮಟ್ಟಸ ಉಳಿಯಿಂದ ಹಿನ್ನೆಲೆಯನ್ನು ಕೆಳಗಿಳಿಸಿ. ಹಿನ್ನೆಲೆ ಇಳಿದಷ್ಟೂ ಹಕ್ಕಿ ಎತ್ತರ ಕಾಣುತ್ತದೆ. ತಗಡನ್ನು ಇನ್ನಷ್ಟು ಉಬ್ಬಿಸದೇ ಎತ್ತರ ಬರಿಸುವ ಉಪಾಯ ಇದು. ಕಣ್ಣು, ಕೊಕ್ಕು, ಗರಿಗಳ ಗೆರೆ, ಹಿನ್ನೆಲೆಯ ಚುಕ್ಕಿ ಕೊನೆಗೆ.

ಏಳನೆಯ ಉಳಿ ಬೇಕೆನಿಸಿದಾಗ ನೀವೇ ಮಾಡಿಕೊಳ್ಳಿ. ಆರು ಮಿ.ಮೀ. ಚೌಕದ ಟೂಲ್ ಸ್ಟೀಲ್ ಸರಳು ಅಥವಾ ಸವೆದ ಅರ ಸಾಕು. ಅರವಾದರೆ ಮೊದಲು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹುಗಿದು ನಿಧಾನಕ್ಕೆ ಆರಿಸಿ, ಹಲ್ಲುಗಳನ್ನು ಪೂರ್ತಿ ಉಜ್ಜಿ ತೆಗೆಯಿರಿ. ಹಲ್ಲಿನ ಸಂದಿಯಿಂದಲೇ ಬಿರುಕು ಶುರುವಾಗುವುದು. ಹನ್ನೊಂದು ಹನ್ನೆರಡು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ ಬಾಯಿಯ ಆಕಾರ ಕೊಡಿ. ಬಾಯಿ ಕಡೆಯ ಎರಡು ಸೆಂಟಿಮೀಟರ್ ಮಾತ್ರ ಕೆಂಪಗೆ ಕಾಯಿಸಿ. ಅಯಸ್ಕಾಂತ ಹಿಡಿಯುವುದನ್ನು ಬಿಟ್ಟ ಮೇಲೆ ಇನ್ನೊಂದು ಕ್ಷಣ ಕಾದು ಎಣ್ಣೆಗೆ ಅದ್ದಿ. ಈಗ ಅದು ಗಾಜಿನ ಹಾಗೆ ಪೆಡಸು. ಬಾಯಿಯನ್ನು ಉಜ್ಜಿ ಹೊಳೆಯಿಸಿ, ನಡುಭಾಗಕ್ಕೆ ಸಣ್ಣ ಜ್ವಾಲೆ ಹಿಡಿಯಿರಿ. ಬಣ್ಣಗಳು ಬಾಯಿಯ ಕಡೆ ಸರಿಯುತ್ತಾ ಬರುತ್ತವೆ. ಒಣಹುಲ್ಲಿನ ಹಳದಿ ತುದಿ ಮುಟ್ಟಿದ ತಕ್ಷಣ ನೀರಿಗೆ ಹಾಕಿ. ಅದು ಸುಮಾರು 230 ಡಿಗ್ರಿ. ನೀಲಿ ಬಂದರೆ ಜಾಸ್ತಿಯಾಯಿತು, ಮೊದಲಿಂದ ಮಾಡಿ. ತಲೆಗೆ ಹದ ಬೇಡವೇ ಬೇಡ. ಗಟ್ಟಿ ತಲೆಗೆ ಗಟ್ಟಿ ಸುತ್ತಿಗೆ ಬಡಿದರೆ ಚೂರು ಹಾರಿ ಕಣ್ಣಿಗೆ ಬೀಳುತ್ತದೆ. ತಲೆ ಹೂವಿನಂತೆ ಅರಳಿದರೆ ಆಗಾಗ ಉಜ್ಜಿ ತೆಗೆಯಿರಿ.

ಚೊಂಬು, ಕಲಶದಂಥ ಕತ್ತು ಕಿರಿದಾದ ಪಾತ್ರೆಗೆ ಒಳಗಿನಿಂದ ಉಬ್ಬು ಕೊಡುವುದು ಬೇರೆಯೇ ವಿದ್ಯೆ. ಎರಡು ಕಡೆ ಬಗ್ಗಿಸಿದ ಉದ್ದ ಕಬ್ಬಿಣದ ಸರಳಿನ ಒಂದು ತುದಿಯನ್ನು ಮೇಜಿಗೆ ಕೂರಿಸಿದ ವೈಸ್‌ಗೆ (ತಿರುಪಿನಿಂದ ಬಿಗಿಯುವ ಇಕ್ಕಳಕ್ಕೆ) ಬಿಗಿದು, ಇನ್ನೊಂದು ತುದಿಯನ್ನು ಪಾತ್ರೆಯೊಳಗೆ ಇಳಿಸುತ್ತಾರೆ. ಹೊಡೆಯುವುದು ಹೊರಗಿನ ಸರಳಿಗೆ, ಅದು ಕಂಪಿಸಿ ಒಳಗಿನ ತುದಿ ಪಾತ್ರೆಯ ಗೋಡೆಗೆ ಬಡಿಯುತ್ತದೆ. ನಿಮಗೆ ಸದ್ಯಕ್ಕೆ ಬೇಡ, ಸುಮ್ನೆ ತಿಳಿದಿರಲಿ. ತಗಡನ್ನು ಬಡಿದೇ ಪಾತ್ರೆ ಮಾಡುವ ಪಂಜಾಬಿನ ಜಂಡಿಯಾಲಾ ಗುರು ಊರಿನ ಠಠೇರರ ಕಸುಬು 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಇನ್ನು ದೊಡ್ಡದು ಎಂದರೆ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿ ಪ್ರತಿಮೆ. 1886ರಲ್ಲಿ ಅನಾವರಣಗೊಂಡ ಅದರ ಮೈಯೆಲ್ಲ ಸುಮಾರು 2.4 ಮಿ.ಮೀ. ದಪ್ಪದ ತಾಮ್ರದ ತಗಡು. ಪ್ಯಾರಿಸ್ಸಿನಲ್ಲಿ ಮರದ ಅಚ್ಚುಗಳಿಗೆ ಒತ್ತಿ ಬಡಿದು ಆಕಾರ ಕೊಟ್ಟದ್ದು. ಅಲ್ಲಿ ಅರಗಿನ ಜಾಗದಲ್ಲಿ ಮರದ ಅಚ್ಚು, ಅಷ್ಟೇ ವ್ಯತ್ಯಾಸ.

ಈಗ ಮಾರುಕಟ್ಟೆಯಲ್ಲಿ ಸಿಗುವ ದೇವರ ಮುಖವಾಡ, ಫಲಕಗಳಲ್ಲಿ ಬಹಳಷ್ಟು ಯಂತ್ರದ ಅಚ್ಚಿನಲ್ಲಿ ಒಂದೇ ಏಟಿಗೆ ಒತ್ತಿದವು. ಅದರಲ್ಲಿ ತಪ್ಪೇನಿಲ್ಲ, ಕೈಕೆಲಸ ಅಂತ ಹೇಳಿ ಬೆಲೆ ಹಾಕಬಾರದು ಅಷ್ಟೇ. ಕೊಳ್ಳುವಾಗ ತಿರುಗಿಸಿ ನೋಡಿ. ಕೈಯಲ್ಲಿ ಮಾಡಿದ್ದರ ಬೆನ್ನಿನಲ್ಲಿ ದುಂಡು ಉಳಿಯ ಒಂದೊಂದು ಹೊಡೆತವೂ ಕಾಣುತ್ತದೆ, ಸಂದಿಯಲ್ಲಿ ಅರಗಿನ ಚೂರು ಉಳಿದಿರುವುದೂ ಉಂಟು. ಅಚ್ಚಿನದ್ದರ ಬೆನ್ನು ಮುಂಭಾಗದಷ್ಟೇ ನುಣುಪು. ಎಡ ಬಲ ರೆಕ್ಕೆಗಳೂ ತದ್ವತ್ತಾಗಿರುತ್ತವೆ.

ಫಲಕ ಮುಗಿದ ಮೇಲೆ ಅರಗಿನ ಕಲೆ ತೆಗೆಯಲು ಟರ್ಪೆಂಟೈನ್ ಬಟ್ಟೆ ಸಾಕು. ಆಮೇಲೆ ಹುಣಸೆ ಹುಳಿಯಲ್ಲಿ ತೊಳೆದು, ಒಂದು ಹನಿ ನೀರೂ ಉಳಿಯದಂತೆ ಬೆಚ್ಚಗೆ ಒಣಗಿಸಿ. ಶಿವಮೊಗ್ಗದ ಮಳೆಗಾಲಕ್ಕೆ ತಾಮ್ರ ಬೇಗ ಕಪ್ಪಾಗುತ್ತದೆ. ತಗ್ಗಿನಲ್ಲಿ ಆ ಕಪ್ಪು ಉಳಿದರೆ ಗರಿಗಳು ಇನ್ನೂ ಎದ್ದು ಕಾಣುತ್ತವೆ. ಹಾಗಾಗಿ ಎತ್ತರದ ಭಾಗವನ್ನಷ್ಟೇ ಬಟ್ಟೆಯಲ್ಲಿ ತಿಕ್ಕಿ, ಬೆಚ್ಚಗಿರುವಾಗಲೇ ಜೇನುಮೇಣವನ್ನು ತೆಳ್ಳಗೆ ಸವರಿ. ವಾರ್ನಿಷ್ ಬಳಿಯಬೇಡಿ. ಒಂದೆರಡು ವರ್ಷಕ್ಕೆ ಅದು ಅಲ್ಲಲ್ಲಿ ಎದ್ದು, ಕೆಳಗೆ ಹಸಿರು ಕಿಲುಬು ಹಿಡಿದರೆ ಉಜ್ಜಿ ತೆಗೆಯುವಾಗ ನೀವು ಎಳೆದ ಸಣ್ಣ ಗೆರೆಗಳೂ ಸವೆಯುತ್ತವೆ.